ವಾಸನೆಯಿಲ್ಲದ ಬೆರಳು

ಅವರ ಬೆರಳಿಗೆ ಯಾವ ವಾಸನೆಯೂ ಇರಲಿಲ್ಲ. ಗುಳೇದಗುಡ್ಡದಲ್ಲಿ ಆಗ ಎಲ್ಲರ ಕೈಗೂ ಒಂದೊಂದು ವಾಸನೆ. ನೇಕಾರರ ಕೈಗೆ ಬಣ್ಣದ್ದು, ನಮ್ಮ ಮಾವನ ಕೈಗೆ ತಂಬಾಕಿನದು, ಹೆಂಗಸರ ಕೈಗೆ ಉಳ್ಳಾಗಡ್ಡಿಯದು. ಹೋಮಿಯೋಪಥಿಯ ಸಕ್ಕರೆ ಗುಳಿಗೆ ಕೊಡುವ ಡಾಕ್ಟರದು ಮಾತ್ರ ಬರೀ ನೀರಿನಲ್ಲಿ ತೊಳೆದು ತೊಳೆದು ಬಿಳುಚಿ ಸುಕ್ಕಾದ ಬೆರಳು. ವಾಸನೆ ತಾಗಿದರೆ ಗುಳಿಗೆಯ ಗುಣ ಕೆಡುತ್ತದೆ ಅನ್ನುತ್ತಿದ್ದರು. ಅವರ ಔಷಧ ತಗೊಂಡವರು ಕಾಫಿ, ಕರ್ಪೂರ, ಹಸಿ ಉಳ್ಳಾಗಡ್ಡಿ ಮುಟ್ಟುವಂತಿರಲಿಲ್ಲ. ನಮ್ಮ ಕಡೆಯವರಿಗೆ ಉಳ್ಳಾಗಡ್ಡಿ ಬಿಡು ಅಂದರೆ! ಎಷ್ಟೋ ಜನ ಬಾಗಿಲಿನಿಂದಲೇ ವಾಪಸಾಗುತ್ತಿದ್ದರು.

ನಮ್ಮೂರಿನ್ನೂ ಮುಂಬಯಿ ಸರ್ಕಾರದ ಕೈಕೆಳಗಿದ್ದಾಗಿನ ಮಾತು. ಗುಡೂರಿನಿಂದ ಈ ಮನೆಗೆ ಸೊಸೆಯಾಗಿ ಬಂದ ನಾನು ಬಸಿರಾದೆ. ಹೊಟ್ಟೆಯಲ್ಲಿದ್ದದ್ದು ನಿಮ್ಮಪ್ಪ. ಗೋಡೆಗೆ ನೀರು ಸಿಡಿದಾಗ ಬರುವ ಮಣ್ಣಿನ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ತಡೆಯಲಾಗದೆ ಮಗ್ಗದ ಹಿಂದಿನ ಗೋಡೆಯನ್ನು ಕೆರೆದು ಕೆರೆದು ತಿಂದೆ. ಅದನ್ನು ಇಲಿಯ ತೂತು ಎಂದುಕೊಂಡು ಅತ್ತೆ ಮುಚ್ಚಲು ಸಗಣಿ ಹಿಡಿದು ಬಂದರು. ನನ್ನ ಬೆರಳು ಅದರೊಳಗಿತ್ತು.

ಸಗಣಿ ಅವರ ಕೈಯಿಂದ ನೆಲಕ್ಕೆ ಬಿತ್ತು. "ಅಯ್ಯ ನಮ್ಮವ್ವ! ಗ್ವಾಡಿ ತಿಂತಾಳ! ಇಕಿಗೆ ಏನೋ ಬಡದೈತಿ. ನಾಳೇನ ಗುಡೂರಿಗೆ ಬಿಟ್ಟು ಬರ್ರಿ, ಇಂಥಾಕಿ ನಮ್ಮ ಮನ್ಯಾಗ ಬ್ಯಾಡ!"

ಹಾಗೆ ತವರಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ನಿಮ್ಮಜ್ಜ ಹೋಗಿ ಮಗ್ಗಕ್ಕೆ ಕೂತರು. ಮಾವನೇ, "ಮೊದಲ ಡಾಕ್ಟರಿಗೆ ತೋರಸೂಣು," ಅಂದರು. ಅವರು ತಂಬಾಕು ಬಿಡಲೆಂದು ಡಾಕ್ಟರ ಹತ್ತಿರ ಹೋಗುತ್ತಿದ್ದವರು. ಗುಳಿಗೆ ಒಂದು ದವಡೆಗೆ, ತಂಬಾಕು ಇನ್ನೊಂದು ದವಡೆಗೆ. ಡಾಕ್ಟರು ಬೈಯುತ್ತಿರಲಿಲ್ಲ. "ಚಟ ಅಂದ್ರ ಮೈ ಏನೋ ಕೇಳಾಕತ್ತದ. ಅದನ್ನ ಹೊಡದು ಬಾಯಿ ಮುಚ್ಚಸಿದ್ರ ಹೆಂಗ?" ಅನ್ನುತ್ತಿದ್ದರು.

ಅತ್ತೆ, ಮಾವ ನನ್ನನ್ನು ಕರೆದೊಯ್ದು ಗೋಡೆಯ ಸಂಗತಿ ಹೇಳಿದರು. ಡಾಕ್ಟರು ನನ್ನ ನಾಡಿ ಹಿಡಿಯಲಿಲ್ಲ, ಎಲ್ಲಿ ನೋವು ಎಂದೂ ಕೇಳಲಿಲ್ಲ. "ಏನ್ ತಿನ್ನಬೇಕನಸ್ತದವಾ ನಿನಗ?" ಅಂದರು.

ಮದುವೆಯಾದಾಗಿನಿಂದ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ.

"ಒಣಾ ಮಣ್ಣೋ, ಹಸೀದೋ?" ಸಜ್ಜಿ ರೊಟ್ಟಿಯೋ ಜೋಳದ್ದೋ ಎಂದು ಕೇಳಿದ ಹಾಗೆ.

"ಹಸೀದ್ರಿ." ನನ್ನ ಬಾಯಿಂದ ಬಂದೇಬಿಟ್ಟಿತು.

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ನೀವು ಬಸರಿದ್ದಾಗ ಏನ್ ತಿನ್ನಬೇಕನಸಿತ್ರಿ?"

"ನನ್ನ ಯಾಕ ಕೇಳ್ತೀರಿ?" ಅತ್ತೆ ಸೆರಗು ಎಳೆದುಕೊಂಡರು. ಡಾಕ್ಟರು ಮತ್ತೊಮ್ಮೆ ಕೇಳಿದರು. ಕಡೆಗೆ ಅತ್ತೆ ನೆಲ ನೋಡುತ್ತ, "ಒಲಿ ಬೂದಿರಿ," ಅಂದರು.

ಮಾವನ ಬಾಯಿಂದ ತಂಬಾಕು ಉದುರಿತು. "ಖರೇನ? ನನಗ ಹೇಳೇ ಇಲ್ಲಲ್ಲ!"

"ನೀವೆಂದ ಕೇಳಿದ್ರಿ?"

ಡಾಕ್ಟರು ಗುಳಿಗೆ ಕಟ್ಟಿಕೊಟ್ಟರು. "ಬೆಲ್ಲ, ಶೇಂಗಾ, ರಾಜಗಿರಿ ಪಲ್ಯ ಹೊಟ್ಟಿ ತುಂಬ ಕೊಡ್ರಿ. ಬಾಗಲಕೋಟಿ ದವಾಖಾನ್ಯಾಗೂ ಒಮ್ಮೆ ತೋರಸ್ರಿ," ಅಂದರು. ಮಣ್ಣಿನ ಆಸೆ ಹೋಯಿತು. ಗುಳಿಗೆಯಿಂದಲೋ ಪಲ್ಯದಿಂದಲೋ ನನಗೆ ಇವತ್ತಿಗೂ ತಿಳಿಯದು. ಮಾವನ ತಂಬಾಕಂತೂ ಹೋಗಲಿಲ್ಲ. ಆದರೆ ಗುಡೂರಿನ ಮಾತು ಅತ್ತೆ ಮತ್ತೆ ಎತ್ತಲಿಲ್ಲ; ಗೋಡೆಯ ತೂತನ್ನು ತಾವೇ ಮೆತ್ತಿದರು.

ನಿಮ್ಮಪ್ಪ ಶಾಲೆಗೆ ಹೋಗುವಷ್ಟಾದಾಗ ಡಾಕ್ಟರು ಹಾಸಿಗೆ ಹಿಡಿದರು. ಅತ್ತೆ, ನಾನು ನೋಡಲು ಹೋದೆವು. "ಏನ್ ಮಾಡಿ ತಂದ್ರೂ ಒಲ್ಲೆ ಅಂತಾರ," ಎಂದು ಅವರ ಹೆಂಡತಿ ಅತ್ತರು. ಪರಗಂಡಸರ ಮುಂದೆ ತಲೆ ಎತ್ತದ ನಾನು ಮಂಚದ ಹತ್ತಿರ ಹೋಗಿ ಬಗ್ಗಿದೆ.

"ಏನ್ ತಿನ್ನಬೇಕನಸ್ತದರಿ ನಿಮಗ?"

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

"ಹಸಿ ಉಳ್ಳಾಗಡ್ಡಿ," ಅಂದರು. "ರೊಟ್ಟಿ ಜೋಡಿ."

ಅವರ ಹೆಂಡತಿ ಅಡಿಗೆಮನೆ ಕಡೆ ಹೊರಟವರು ಬಾಗಿಲಲ್ಲೇ ನಿಂತರು. ಗುಳಿಗೆ ಕೊಡಲು ಶುರುಮಾಡಿದ ಮೇಲೆ ಅವರ ಮನೆಯೊಳಗೆ ಉಳ್ಳಾಗಡ್ಡಿಯೇ ಬಂದಿರಲಿಲ್ಲವಂತೆ. ಅತ್ತೆ ಪಕ್ಕದ ಮನೆಯಿಂದ ಒಂದು ಇಸಕೊಂಡು ಬಂದು, ಮುಷ್ಟಿಯಿಂದ ಗುದ್ದಿ ಒಡೆದು, ರೊಟ್ಟಿಯ ಮೇಲಿಟ್ಟು ಕೊಟ್ಟರು. ಡಾಕ್ಟರು ಎದ್ದು ಕೂತು ತಾವೇ ಕೈಯಾರೆ ತಿಂದರು. ನೀರು ತಂದರೆ ಕೈ ತೊಳೆಯಲು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಸುದ್ದಿ ಬಂತು. ನಾನು ಹೋದಾಗ ಇನ್ನೂ ಮೈ ತೊಳೆದಿರಲಿಲ್ಲ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಗ್ಗಿ ಆ ಕೈಗೆ ಹಣೆ ಹಚ್ಚಿದೆ. ಬೆರಳು ಉಳ್ಳಾಗಡ್ಡಿ ನಾರುತ್ತಿತ್ತು.