ತೆಗೆಯದೆ ಬಿಟ್ಟ ಒಂದು ಸಾಲು

ಸಾವಿತ್ರಿ, ನಿನ್ನನ್ನು ಕೆಲಸದಿಂದ ತೆಗೆಸಿದವನು ನಾನು. ತಪ್ಪು ನನ್ನದೆಂದು ಗೊತ್ತಿದ್ದೇ ತೆಗೆಸಿದೆ.

ರಬಕವಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುತ್ತಿದ್ದ ನಮ್ಮ ಸಣ್ಣ ಕಂಪನಿಯ ಸಂಪರ್ಕವೆಲ್ಲ ಒಂದೇ ಲಿನಕ್ಸ್ ಯಂತ್ರದ ಮೂಲಕ ಹಾಯುತ್ತಿತ್ತು. ಯಾವುದೋ ದೋಷ ಹುಡುಕಲು ಅದರ ತಿರುಳು ತಂತ್ರಾಂಶವಾದ ಕರ್ನೆಲ್‌ನ ನೆಟ್‌ವರ್ಕ್ ಭಾಗದಲ್ಲಿ ನಾನೊಂದು ಸಾಲು ಸೇರಿಸಿದ್ದೆ — ಬರುವ ಪ್ರತಿ ಪ್ಯಾಕೆಟ್‌ನ, ಅಂದರೆ ಮಾಹಿತಿಯ ಪ್ರತಿ ತುಣುಕಿನ, ವಿವರವನ್ನೂ ಲಾಗ್ ಕಡತದಲ್ಲಿ ಬರೆದಿಡು ಎಂದು. ದೋಷ ಸಿಕ್ಕಿತು, ಸಾಲು ತೆಗೆಯುವುದನ್ನು ಮರೆತೆ. ಗಿರಾಕಿಗಳು ಹೆಚ್ಚಿದಂತೆ ಯಂತ್ರಕ್ಕೆ ಬರೆಯುವುದೇ ಕೆಲಸವಾಗಿ ನೆಟ್ ನಿಧಾನವಾಯಿತು. ನೇಕಾರರು ವ್ಯಾಪಾರಿಗಳಿಗೆ ವಿಡಿಯೋದಲ್ಲಿ ಸೀರೆ ತೋರಿಸುವಾಗ ಸೆರಗು ಅರ್ಧಕ್ಕೇ ನಿಂತುಬಿಡುತ್ತಿತ್ತು.

ಅದನ್ನು ಕಂಡುಹಿಡಿದವಳು ನೀನು — ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಸೇರಿ ಇನ್ನೂ ವರ್ಷವಾಗಿರಲಿಲ್ಲ. ನನ್ನ ಮರ್ಯಾದೆ ಉಳಿಯಲೆಂದು ಮಾಲೀಕರಿಗೆ ಹೇಳದೆ ನನ್ನ ಹತ್ತಿರವೇ ಬಂದಿದ್ದೆ.

“ಒಂದೊಂದ ಎಳಿಗೂ ಮಗ್ಗ ನಿಲ್ಲಿಸಿ ಲೆಕ್ಕ ಬರದಂಗ ಆಗೇತ್ರಿ ಸರ್. ಆ ಸಾಲ ತಗದ್ರ ಸಾಕ್ರಿ.”

ನನಗೆ ಮೈ ಉರಿಯಿತು. ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುವುದೇ? ನೋಡೋಣ ಎಂದಷ್ಟೇ ಅಂದೆ. ಅದೇ ಮಧ್ಯಾಹ್ನ, ಹೊಸ ಹುಡುಗಿ ಸೆಟ್ಟಿಂಗ್ ಕೆಡಿಸಿದ್ದಾಳೆಂದು ಮಾಲೀಕರ ಕಿವಿಗೆ ಹಾಕಿದೆ. ಅವರು ಎಲ್ಲರೆದುರು ನಿನ್ನನ್ನು ಬೈದರು. ನೀನು ನನ್ನ ಮುಖ ನೋಡಿದೆ. ನಾನು ಕಂಪ್ಯೂಟರ್ ನೋಡುತ್ತಿದ್ದೆ.

ಸಾಲು ತೆಗೆಯುವುದು ಅರ್ಧ ಗಂಟೆಯ ಕೆಲಸ. ಆದರೂ ಮೂರು ದಿನ ಕಾದೆ — ಮಾಲೀಕರು ನಿನ್ನನ್ನು ಕೆಲಸದಿಂದ ತೆಗೆದು, ನೀನು ಮೆಟ್ಟಿಲಿಳಿಯುವವರೆಗೆ. ಆಮೇಲೆ ತೆಗೆದೆ. ಸಂಜೆಯೊಳಗೆ ಎಲ್ಲ ಸರಿಹೋಯಿತು.

“ಆಕಿ ಹೋದ್ಲು, ನೆಟ್ ಛಲೋ ಆತು ನೋಡ್ರಿ,” ಎಂದರು ಮಾಲೀಕರು. ಅವರ ಬಾಯಿಂದ ಆ ಮಾತು ಬರಲೆಂದೇ ಕಾದಿದ್ದೆ. ಮತ್ತು — ಇದನ್ನೂ ಹೇಳಿಬಿಡುತ್ತೇನೆ — ಅಂದು ನನಗೆ ಖುಷಿಯಾಗಿತ್ತು. ಆ ಮಾತು ಮುಧೋಳದವರೆಗೂ ಹಬ್ಬಿತು. ಈ ಕೆಲಸಕ್ಕೆ ಯಾರೂ ನಿನ್ನನ್ನು ಸೇರಿಸಿಕೊಳ್ಳಲಿಲ್ಲ.

ಐದು ವರ್ಷದ ಮೇಲೆ, ಹೋದ ತಿಂಗಳು, ನೀನು ಜಮಖಂಡಿಯ ಬಸ್ ನಿಲ್ದಾಣದಲ್ಲಿ ಸಿಕ್ಕೆ. ನನ್ನನ್ನು ಕಂಡು ಎದ್ದು ನಿಂತೆ. ವಿಜಯಪುರದಲ್ಲಿ ಕೊನೆಗೂ ಒಂದು ಕಡೆ ಸಂದರ್ಶನಕ್ಕೆ ಕರೆದಿದ್ದಾರೆ ಎಂದೆ ನೀನು. ಮತ್ತೆ ತಲೆ ತಗ್ಗಿಸಿ ಕೇಳಿದೆ:

“ಅವಾಗ ನನ್ನ ತಪ್ಪ ಏನಿತ್ರಿ ಸರ್? ಗೊತ್ತಾದ್ರ ಮತ್ತ ಮಾಡೂದಿಲ್ರಿ.”

ಆಗಲಾದರೂ ಹೇಳಬಹುದಿತ್ತು. ನೀನು ಸೆಟ್ಟಿಂಗ್‌ನಲ್ಲಿ ಯಂತ್ರದ ವಿಳಾಸವನ್ನು ತಪ್ಪಾಗಿ ಬರೆದಿದ್ದಿ ಎಂದೆ ನಾನು. ನೀನು ಅದನ್ನು ಚೀಟಿಯಲ್ಲಿ ಬರೆದುಕೊಂಡೆ, ಉಪಕಾರ ಆತ್ರಿ ಎಂದೆ. ಸಂದರ್ಶನದಲ್ಲಿ ಕೇಳಿದರೆ ಮುಚ್ಚಿಡುವುದಿಲ್ಲ, ಇದ್ದದ್ದನ್ನೇ ಹೇಳುತ್ತೇನೆ ಎಂದೂ ನೀನೇ ಅಂದೆ.

ಹೇಳಿಯೇ ಇರುತ್ತೀ. ಅಂಥ ತಪ್ಪೇ ಇರಲಿಲ್ಲ, ಸಾವಿತ್ರಿ. ಆ ನಿಲ್ದಾಣದಲ್ಲಿ ನಿನ್ನ ಪಕ್ಕದಲ್ಲಿ ಕೂತು ನಾನೇ ಅದನ್ನು ಆಗಷ್ಟೇ ಹುಟ್ಟಿಸಿದೆ.