ಹೊಲಿಗೆ ಇಲ್ಲದ ಪುಸ್ತಕ

ಗಜೇಂದ್ರಗಡದಲ್ಲಿ ಪುಸ್ತಕ ಕಟ್ಟುವ ಅಬ್ದುಲಮಜೀದ ಸಾಹೇಬರ ಅಂಗಡಿಯಿಂದ ಮೂವತ್ತೆರಡು ವರ್ಷ ಯಾವ ಪುಸ್ತಕವೂ ಹೇಳಿದ ದಿನಕ್ಕೆ ಹೊರಬಿದ್ದದ್ದಿಲ್ಲ. ರೋಣದ ಹೈಸ್ಕೂಲು, ಸೂಡಿಯ ಭಜನಾ ಮಂಡಳಿ, ಜಕ್ಕಲಿಯ ಸೊಸೈಟಿ, ಎಲ್ಲರೂ ಇದನ್ನು ಬಿಸಿಲಿನ ಹಾಗೆ ಒಪ್ಪಿಕೊಂಡಿದ್ದರು. ಸೋಮವಾರ ಬರ್ರಿ ಎಂದರೆ ಯಾವ ತಿಂಗಳ ಸೋಮವಾರ ಎಂದು ತಿಳಿದವರು ಯಾರೂ ಕೇಳುತ್ತಿರಲಿಲ್ಲ.

ಕಾರಣ ಸೋಮಾರಿತನವಲ್ಲ, ವ್ರತ. ಓದದ ಪುಸ್ತಕಕ್ಕೆ ಮಜೀದಸಾಬರು ಸೂಜಿ ಹಾಕುತ್ತಿರಲಿಲ್ಲ. ಕಿತ್ತುಹೋದ ಪುಸ್ತಕ ಬಂದರೆ ಅದನ್ನು ಪೂರ್ತಿ ಬಿಚ್ಚಿ ಹರವುವರು. ಮಧ್ಯಾಹ್ನ ಹೆಂಡತಿ ರಹಿಮತಬಿ ಎದುರಿಗೆ ಕೂತು ಹಾಳೆಗಳ ಮಡಿಕೆ ತಿದ್ದಿ ಜೋಡಿಸುವಳು. ಆಕೆ ಜೋಡಿಸಿದಂತೆಲ್ಲ ಇವರು ಗಟ್ಟಿಯಾಗಿ ಓದುವರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕತೆಯ ಕೊನೆ ಮಾತ್ರ ಮೊದಲೇ ಬರುತ್ತಿತ್ತು. ನಲವತ್ತನೆಯ ಪುಟದಲ್ಲೇ ಆ ಹುಡುಗಿ ಆ ಮಾಸ್ತರನನ್ನು ಮಾಡಿಕೊಳ್ಳುವುದಿಲ್ಲ ಎಂದು ತೀರ್ಪು ಕೊಡುವಳು. ಮಜೀದಸಾಬರು ಕಳ್ಳನಂತೆ ಕಡೆಯ ಹಾಳೆ ನೋಡಿ ಸುಮ್ಮನಾಗುವರು. ಒಮ್ಮೆ ಕಡಲೆ ಬೆಳೆಯುವ ಬಗೆಗಿನ ಸರಕಾರಿ ಕೈಪಿಡಿ ಬಂದಾಗ, ಇದರ ಕೊನೆ ಹೇಳು ನೋಡೋಣ ಎಂದು ಸವಾಲು ಹಾಕಿದರು. ಕಡೆಗೆ ಹುಳಕ್ಕೆ ಎಣ್ಣೆ ಹೊಡೀರಿ ಅಂತಾರೆ ಎಂದಳು. ಹಾಗೇ ಇತ್ತು. ಆ ದಿನದಿಂದ ಮಜೀದಸಾಬರು ಸವಾಲು ಹಾಕುವುದನ್ನು ಬಿಟ್ಟರು.

ಹತ್ತು ತಿಂಗಳ ಹಿಂದೆ ನಾಲ್ಕೇ ದಿನದ ಜ್ವರದಲ್ಲಿ ರಹಿಮತಬಿ ತೀರಿಕೊಂಡಳು. ಅದಾದ ಮೇಲೆ ಊರಿನಲ್ಲಿ ಯಾರೂ ಕಂಡು ಕೇಳರಿಯದ ವಿದ್ಯಮಾನ ಶುರುವಾಯಿತು. ಪುಸ್ತಕಗಳು ಹೇಳಿದ ದಿನಕ್ಕೆ ಸಿಗತೊಡಗಿದವು. ಸೋಮವಾರವೆಂದರೆ ಸೋಮವಾರ. ಗಿರಾಕಿಗಳು ಮೊದಲು ಗಾಬರಿಯಾದರು, ಆಮೇಲೆ ಹೊಗಳಿದರು. ಈ ವಯಸ್ಸಿನಲ್ಲಿ ಏನು ಶಿಸ್ತು, ಏನು ಚುರುಕು ಎಂದರು. ಮಜೀದಸಾಬರು ಹೊಗಳಿಕೆಯನ್ನು ಮೈದಾ ಅಂಟಿನ ಡಬ್ಬಿಯ ಪಕ್ಕದಲ್ಲಿಟ್ಟು ಮುಂದಿನ ಪುಸ್ತಕ ತೆಗೆದುಕೊಂಡರು. ಓದುವುದು ನಿಂತಿತ್ತಲ್ಲ, ತಡವಾಗಲು ಕಾರಣವೇ ಇರಲಿಲ್ಲ.

ನರಗುಂದದಲ್ಲಿರುವ ಮಗಳು ನಾಜಮೀನ ಓದು ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಕಣ್ಣು ಸರಿಯಿಲ್ಲ ಎಂದರು. ಅಕ್ಷರಗಳು ಇರುವೆಯ ಸಾಲಿನಂತೆ ಹರಿದಾಡುತ್ತವೆ ಎಂದರು. ಅವರೂ ಅದನ್ನು ನಂಬಿದ್ದರು. ನಾಜಮೀನ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಎರಡು ವರ್ಷದ ಹಿಂದೆ ಪೊರೆ ತೆಗೆಸಿದ ಕಣ್ಣು, ಏನೂ ಆಗಿಲ್ಲ ಎಂದರು ಡಾಕ್ಟರು. ಆಕೆ ಚೀಟಿಯ ದುಡ್ಡು ಕಟ್ಟಲು ಹೊರಗೆ ಹೋದಾಗ ಹೇಳಿದ ಮಾತು ಅದು. ಡಾಕ್ಟರು ಇನ್ನೂ ಮೀಸೆ ಚಿಗುರುವ ವಯಸ್ಸಿನವರು, ಇವರಿಗೇನು ತಿಳಿದೀತು ಎಂದುಕೊಂಡು ಮಜೀದಸಾಬರು ಅದನ್ನು ಮಗಳಿಗೆ ಹೇಳಲಿಲ್ಲ. ಬದಲಿಗೆ ಒಂದರ ಹಿಂದೊಂದು ಮೂರು ಚಾಳೀಸು ಕನ್ನಡಕ ಮಾಡಿಸಿದರು. ಮೂರರಲ್ಲೂ ಇರುವೆಗಳು ಹರಿದವು.

ಆಗ ಅಳಿಯ ಆಫ್ತಾಬ ರಂಗಕ್ಕೆ ಇಳಿದ. ನರಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಆತನಿಗೆ ಜಗತ್ತಿನ ಎಲ್ಲ ದುಃಖಕ್ಕೂ ಒಂದು ಚಾರ್ಜರ್ ಇದ್ದೇ ಇರುತ್ತದೆ ಎಂಬ ದೃಢ ನಂಬಿಕೆ. ಮಾವನವರಿಗೆ ಬೇಕಾದದ್ದು ಇ-ರೀಡರ್ ಎಂದು ಸಾರಿದ. ಅಂಗೈ ಅಗಲದ ಯಂತ್ರ, ಒಳಗೆ ಸಾವಿರ ಪುಸ್ತಕ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಕಣ್ಣು ಉರಿಯುವುದಿಲ್ಲ, ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಸಾಕು, ಗೆದ್ದಲು ಹತ್ತುವುದಿಲ್ಲ.

ಪಕ್ಕದ ಅಂಗಡಿಯ ಟೇಲರ್ ಕನಕಪ್ಪನಿಗೆ ಸುದ್ದಿ ಮುಟ್ಟಿದ್ದೇ ತಡ, ಹೊಲಿಯುತ್ತಿದ್ದ ಪ್ಯಾಂಟನ್ನು ಒಂದೇ ಕಾಲಿನಲ್ಲಿ ಬಿಟ್ಟು ಯುದ್ಧಸನ್ನದ್ಧನಾಗಿ ಬಂದ. ಆ ಮಧ್ಯಾಹ್ನ ಅಂಗಡಿಯ ಕಟ್ಟೆಯ ಮೇಲೆ ನಡೆದ ಮಂತ್ರಾಲೋಚನೆಯನ್ನು ಊರ ಗುಡ್ಡದ ಮೇಲಿನ ಕೋಟೆ ಕಟ್ಟಿದವರು ಕೇಳಿದ್ದರೆ, ನಾವೂ ಇಷ್ಟು ಯೋಚಿಸಿ ಕಟ್ಟಬೇಕಿತ್ತು ಎಂದು ನಾಚುತ್ತಿದ್ದರು. ಕನ್ನಡದ ಹಳೆಯ ಪುಸ್ತಕ ಅದರಲ್ಲಿ ಎಷ್ಟು ಸಿಕ್ಕಾವು ಎಂದ ಕನಕಪ್ಪ. ಓದಿ ಮುಗಿದದ್ದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ ಎಂದ. ಪುಸ್ತಕ ಬಿದ್ದರೆ ಎತ್ತಿಕೊಳ್ಳಬಹುದು, ಆ ಯಂತ್ರ ಬಿದ್ದರೆ ಪ್ರಾಣ ಬಿಡುತ್ತದೆ ಎಂದ. ಕಡೆಗೆ ಬ್ರಹ್ಮಾಸ್ತ್ರ ತೆಗೆದ.

"ಅದಕ್ಕ ಹೊಲಿಗಿ ಇಲ್ಲ, ರಟ್ಟ ಇಲ್ಲ. ನೀವು ಅದನ್ನ ತಗೊಳ್ಳೂದಂದ್ರ ಕಂಬಾರ ಸಂತ್ಯಾಗ ಪ್ಲಾಸ್ಟಿಕ್ ಕುಡಗೋಲ ಕೊಂಡಂಗ ನೋಡ್ರಿ ಮಜೀದಸಾಬ್ರ. ಊರ ನಗತೈತಿ."

ನಗಲಿ ಎಂದರು ಮಜೀದಸಾಬರು. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಊರು ನಕ್ಕರೂ ಅತ್ತರೂ ಅವರಿಗೆ ಈಗ ಒಂದೇ ಆಗಿತ್ತು. ಗುಣವೂ ಸರಿ, ದೋಷವೂ ಸರಿ ಎನ್ನಿಸಿ ತಕ್ಕಡಿ ಅಲುಗಾಡದೆ ನಿಂತಿತ್ತು. ಒಂದು ಮಾತು ಮಾತ್ರ ಒಳಗೆ ಕೂತಿತ್ತು. ಅಕ್ಷರ ದೊಡ್ಡದಾದರೆ ಓದು ತಿರುಗಿ ಬರಬಹುದು. ಓದು ಬಂದರೆ ಮಧ್ಯಾಹ್ನಗಳು ತಿರುಗಿ ಬರಬಹುದು. ಬರದಿದ್ದರೆ? ಅದರ ಮುಂದಕ್ಕೆ ಅವರು ಯೋಚಿಸಲಿಲ್ಲ.

ರೋಣದ ಹೈಸ್ಕೂಲಿನಲ್ಲಿ ಲೈಬ್ರರಿ ನೋಡಿಕೊಂಡು ನಿವೃತ್ತರಾದ ವಸುಧಾ ಬಾಯಾರು ಮಜೀದಸಾಬರ ಇಪ್ಪತ್ತು ವರ್ಷದ ಗಿರಾಕಿ. ಇ-ರೀಡರು ಅವರ ಹತ್ತಿರ ಒಂದಿತ್ತು, ತಮ್ಮ ಕಳಿಸಿದ್ದು. ಕೊಳ್ಳುವ ಮೊದಲು ಎಂಟು ದಿನ ಇಟ್ಟುಕೊಂಡು ನೋಡಿರಿ ಎಂದು ಅದನ್ನು ಟವೆಲಿನಲ್ಲಿ ಸುತ್ತಿ ಕೊಟ್ಟರು. ತಮ್ಮ ಅದರಲ್ಲಿ ಕನ್ನಡ ಕಾದಂಬರಿಗಳನ್ನೂ ತುಂಬಿಸಿದ್ದಾನೆ ಎಂದರು.

ಮರುದಿನ ಮಧ್ಯಾಹ್ನ ಮಜೀದಸಾಬರು ಅಂಗಡಿಯಲ್ಲಿ ಕೂತು ಯಂತ್ರ ಶುರು ಮಾಡಿ ಅಕ್ಷರ ದೊಡ್ಡದು ಮಾಡಿದರು. ಮತ್ತೂ ದೊಡ್ಡದು ಮಾಡಿದರು. ಕಡೆಗೆ ಒಂದು ಪುಟಕ್ಕೆ ಹನ್ನೊಂದು ಶಬ್ದ ಉಳಿದವು. ಇರುವೆಗಳು ಎಮ್ಮೆಗಳಾದವು, ಎಮ್ಮೆಗಳು ಅಲ್ಲಾಡದೆ ನಿಂತವು. ಪ್ರತಿಯೊಂದು ಕೊಂಬು, ಪ್ರತಿಯೊಂದು ಒತ್ತು ಸ್ಪಷ್ಟ. ಅವರು ಗಟ್ಟಿಯಾಗಿ ಓದಿದರು. ಒಂದು ಮನೆ, ಒಬ್ಬ ಅಣ್ಣ, ಒಬ್ಬ ತಂಗಿ, ತಂಗಿಗೆ ವರ ನೋಡುತ್ತಿದ್ದಾರೆ. ಮೂರು ಮಧ್ಯಾಹ್ನ ಓದಿದರು. ಮೂರನೆಯ ದಿನ, ತಂಗಿ ಯಾರು, ಅಣ್ಣ ಯಾಕೆ ಸಿಟ್ಟಾಗಿದ್ದಾನೆ ಎಂದು ತಮ್ಮನ್ನೇ ಕೇಳಿಕೊಂಡರೆ ಏನೂ ನೆನಪಿರಲಿಲ್ಲ. ತಿರುಗಿ ಮೊದಲಿಂದ ಓದಿದರು. ಅಕ್ಷರ ಎಲ್ಲ ಕಾಣುತ್ತಿತ್ತು, ಬೇಕಿದ್ದರೆ ಎಣಿಸಬಹುದಿತ್ತು. ಒಳಗೆ ಮಾತ್ರ ಒಂದೂ ಇಳಿಯಲಿಲ್ಲ. ಬೇಜಾರೂ ಆಗಲಿಲ್ಲ. ಯಂತ್ರ ಬಂದ್ ಮಾಡಿ ಇಟ್ಟರು.

ಇಟ್ಟ ಮೇಲೆ ಕೈ ತನ್ನ ಪಾಡಿಗೆ ತಾನು ಕೆಲಸಕ್ಕೆ ಹತ್ತಿತು. ಅವರ ಅಂಗಡಿಯದೊಂದು ಮರ್ಯಾದೆ ಇತ್ತು: ಎರವಲು ಬಂದ ಪುಸ್ತಕ ಬರಿಮೈಯಲ್ಲಿ ತಿರುಗಿ ಹೋಗಬಾರದು, ಅಂಗಿ ಹಾಕಿಕೊಂಡು ಹೋಗಬೇಕು. ಅಳತೆ ತೆಗೆದು ಎರಡು ರಟ್ಟು ಕೊಯ್ದರು. ಬೆನ್ನಿಗೆ ಕೆಂಪು ಬಟ್ಟೆ, ಮೈಗೆ ಹಸಿರು ರೆಕ್ಸಿನ್, ಒಳಗೆ ಯಂತ್ರ ಕೂರುವ ಜೇಬು. ಮೂಲೆಗಳನ್ನು ಮಡಚಿದ ರೀತಿ ನೋಡಿದರೆ ಯಾವ ನವಾಬನ ದರ್ಜಿಯೂ ತಲೆ ತಗ್ಗಿಸಬೇಕು. ಅಂಟು ಹಚ್ಚಿ, ಅಂಗಿಗೆ ಹದವಾದ ಆಕಾರ ಬರಲಿ ಎಂದು ಯಂತ್ರವನ್ನು ಜೇಬಿನಲ್ಲೇ ಬಿಟ್ಟು, ಮೂವತ್ತೆರಡು ವರ್ಷ ಪ್ರತಿ ಪುಸ್ತಕಕ್ಕೂ ಮಾಡಿದ್ದನ್ನೇ ಮಾಡಿದರು. ಅಂಟು ಹಿಡಿಯುವ ತನಕ ಪುಸ್ತಕವನ್ನು ಅದುಮಿಡುವ ಕಬ್ಬಿಣದ ಶಿಕಂಜದಲ್ಲಿ ಇಟ್ಟು ತಿರುಪನ್ನು ಮೂರೂವರೆ ಸುತ್ತು ಬಿಗಿದರು. ಚಟ್ ಎಂದು ಸಣ್ಣ ಸದ್ದು ಬಂತು. ರಟ್ಟು ಕೂತಿತು ಎಂದುಕೊಂಡು ಅರ್ಧ ಸುತ್ತು ಹೆಚ್ಚಿಗೆ ಬಿಗಿದರು.

ಬೆಳಿಗ್ಗೆ ತೆಗೆದು ನೋಡಿದರೆ ಅಂಗಿಗೆ ಒಂದು ಸುಕ್ಕಿಲ್ಲ. ಯಂತ್ರದ ಮುಖದ ಮೇಲೆ ಮಾತ್ರ ಮೂಲೆಯಿಂದ ಮೂಲೆಗೆ ಕಪ್ಪು ಗೆರೆಗಳು ಹರಡಿದ್ದವು. ಬಯಲಾಟದ ರಾಜನಾಗಿದ್ದರೆ ಇಲ್ಲಿ ಕಿರೀಟ ಕಿತ್ತೆಸೆದು ಹದಿನೈದು ನಿಮಿಷ ಅಳುತ್ತಿದ್ದ. ಮಜೀದಸಾಬರು ಗೆರೆ ನೋಡಿದರು, ಬೆನ್ನಿನ ಬಟ್ಟೆ ನೆಟ್ಟಗೆ ಕೂತಿದೆಯೋ ಎಂದು ನೋಡಿದರು, ಕೂತಿತ್ತು. ಟವೆಲಿನಲ್ಲಿ ಸುತ್ತಿಕೊಂಡು ರೋಣದ ಬಸ್ಸು ಹತ್ತಿದರು.

ವಸುಧಾ ಬಾಯಾರು ಮೊದಲು ನೋಡಿದ್ದು ಅಂಗಿಯನ್ನು. ಹಸಿರು ಭಾಳ ಚಂದ ಒಪ್ಪಿದೆ ಎಂದರು. ಆಮೇಲೆ ತೆರೆದರು. ಮಜೀದಸಾಬರು ನಡೆದದ್ದನ್ನು ಸಾಕ್ಷಿ ಹೇಳುವವರಂತೆ ಬಿಡದೆ ಹೇಳಿದರು, ಹೆಚ್ಚಿಗೆ ಬಿಗಿದ ಅರ್ಧ ಸುತ್ತು ಕೂಡ. ಬಾಯಾರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು, ನಗು ನಿಲ್ಲದೆ ಖುರ್ಚಿ ಹಿಡಿದು ಕೂತರು. ಹೊಸದು ತರಿಸಿ ಕೊಡುತ್ತೇನೆ ಎಂದು ಇವರು ಹೇಳಿದರೆ ಬೇಡವೇ ಬೇಡ ಎಂದರು. ಆರು ತಿಂಗಳಲ್ಲಿ ತಾವು ಅದರಲ್ಲಿ ಆರು ಪುಟ ಓದಿಲ್ಲವಂತೆ. ಪ್ರತಿ ರವಿವಾರ ತಮ್ಮ ಫೋನ್ ಮಾಡಿ ಎಷ್ಟು ಓದಿದಿ ಎಂದು ಕೇಳುವುದು, ತಾವು ಸುಳ್ಳು ಹೇಳುವುದು, ಇನ್ನು ಅದು ತಪ್ಪಿತು ಎಂದರು.

ಚಹಾ ಕುಡಿಯುವಾಗ ಕೇಳಿದರು, "ಅಲ್ರಿ, ಒಡಿಯೂಕಿಂತ ಮೊದಲ ಓದಿದ್ರಿಲ್ಲೋ? ಅಕ್ಷರ ಕಾಣಿಸಿದ್ವೇನು?"

"ಕಾಣಿಸಿದ್ವ್ರಿ ಬಾಯಾರ. ಎಲ್ಲಾ ಕಾಣಿಸಿದ್ವು."

"ಕತಿ?"

ಮಜೀದಸಾಬರು ಬಸಿಯಲ್ಲಿ ಉಳಿದ ಚಹಾ ನೋಡಿದರು. "ಕತಿ ಹತ್ತಲಿಲ್ರಿ."

ಬಾಯಾರ ನಗು ಹೋಯಿತು. ರಹಿಮತಬಿ ಹಾಳೆ ಜೋಡಿಸುವುದನ್ನು ಅವರು ಎಷ್ಟೋ ಸಲ ಆ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದವರು. "ಹಂಗಾದ್ರ ಹೊಸಾದು ತಗೊಂಡು ಏನ ಮಾಡ್ತೀರಿ?" ಎಂದರು, ಮೆತ್ತಗೆ. ಮಜೀದಸಾಬರು ಎದ್ದು ಚಪ್ಪಲಿ ಹಾಕಿಕೊಂಡರು.

ರೋಣದ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ನಾಜಮೀನಳ ಫೋನು ಬಂತು. ಆಫ್ತಾಬ ಒಂದು ಒಳ್ಳೆಯ ಇ-ರೀಡರ್ ಆರಿಸಿ ಇಟ್ಟಿದ್ದಾನೆ, ಹೂಂ ಎಂದರೆ ಈಗಲೇ ಆರ್ಡರ್ ಹಾಕುತ್ತಾನೆ ಎಂದಳು. ಅಕ್ಷರ ದೊಡ್ಡದಾಗುತ್ತದೆ, ಗೆದ್ದಲು ಹತ್ತುವುದಿಲ್ಲ ಎಂದು ಎಲ್ಲ ಗುಣಗಳನ್ನು ಮೊದಲಿನಿಂದ ಹೇಳತೊಡಗಿದಳು. ಮಜೀದಸಾಬರು ಪೂರ್ತಿ ಕೇಳಿದರು. ಬೇಡ ಅನ್ನಲು ಕನಕಪ್ಪನ ಎಲ್ಲ ಕಾರಣಗಳೂ ಕೈಯಲ್ಲಿದ್ದವು. ಯಾವುದನ್ನು ಹೇಳಿದರೂ ನಡೆಯುತ್ತಿತ್ತು.

"ಬ್ಯಾಡ ಬೇಟಾ," ಎಂದರು. "ನನ್ನ ಕಣ್ಣ ಚಲೋ ಅದಾವ."

ಆ ಕಡೆ ಆಫ್ತಾಬನ ಅಂಗಡಿಯಲ್ಲಿ ಯಾವುದೋ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

"ಗೊತ್ತೈತಿ ಅಬ್ಬಾ," ಎಂದಳು ನಾಜಮೀನ. "ಡಾಕ್ಟರು ಚೀಟ್ಯಾಗ ಬರದಿದ್ರು. ನಿಮಗ ಏನ ತಂದು ಕೊಡಬೇಕಂತ ತಿಳೀಲಿಲ್ಲ. ಅದಕ್ಕ ಮಷೀನ ಅಂದೆ."

ಮಜೀದಸಾಬರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಕೂತರು. ಗಜೇಂದ್ರಗಡದ ಬಸ್ಸು ಬಂದು ನಿಂತಿತು. ಜನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿದರು, ಕಂಡಕ್ಟರ ಎರಡು ಸಲ ಊರಿನ ಹೆಸರು ಕೂಗಿದ. ಬಸ್ಸು ಹೋಯಿತು. ಇಬ್ಬರೂ ಫೋನ್ ಇಡಲಿಲ್ಲ.