ವಿನ್ನಿಯ ಹೆಸರಿನ ಕಾಗುಣಿತ

ವಿನ್ನಿ ಥರ್ಸ್‌ಡೇ ಎಂಬ ಹೆಸರು ಹುಟ್ಟಿದ್ದು, ಮೂಲನಿವಾಸಿ ಮಕ್ಕಳನ್ನು ಹೊತ್ತು ತಂದು ಸಾಕುವ ಬಿಳಿಯರ ಮಿಷನ್ನಿನ ಮೇಟ್ರನ್ ಮಿಸ್ ಹಾಪ್‌ಕರ್ಕ್ ಅವರ ತಲೆಯಲ್ಲಿ, ಅರ್ಧ ನಿಮಿಷದೊಳಗೆ. ತಾಯಿಯಿಂದ ಕಿತ್ತು ತಂದು ಲಾರಿಯಿಂದ ಇಳಿಸಿದ ಮಗುವಿಗೆ ನಾಲ್ಕೋ ಐದೋ ವರ್ಷ. ಅಂದು ಗುರುವಾರ, ಆದ್ದರಿಂದ ಥರ್ಸ್‌ಡೇ. ಹಿಂದಿನ ದಿನದ ಲಾರಿಯಲ್ಲಿ ಬಂದಿದ್ದರೆ ವೆಡ್ನೆಸ್‌ಡೇ ಆಗಿ ಜನ್ಮವಿಡೀ ಕಾಗುಣಿತ ತಪ್ಪುತ್ತಿದ್ದಳು. ಆ ಮಟ್ಟಿಗೆ ಪುಣ್ಯವಂತೆ. ಹುಟ್ಟಿದ ದಿನದ ಕಾಲಂನಲ್ಲಿ, ಎಲ್ಲರಿಗೂ ಬರೆಯುವಂತೆ, ಆಗಸ್ಟ್ ಒಂದು ಎಂದು ಬರೆದರು. ಆ ದೇಶದ ಪಂದ್ಯದ ಕುದುರೆಗಳೆಲ್ಲ ಒಂದು ವರ್ಷ ದೊಡ್ಡವಾಗುವುದೂ ಅದೇ ದಿನ. ಹಾಗಾಗಿ ಡಾರ್ಮಿಟರಿಯ ನಲವತ್ತೆರಡು ಹುಡುಗಿಯರು ಪ್ರತಿ ವರ್ಷ ಕುದುರೆಗಳ ಜೊತೆಗೇ ಬೆಳೆದರು. ವ್ಯತ್ಯಾಸವೆಂದರೆ, ಕುದುರೆಗಳಿಗೆ ತಮ್ಮ ತಾಯಿಯ ಹೆಸರು ಗೊತ್ತಿತ್ತು; ಪಂದ್ಯದ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಿದ್ದರು.

ಮೇಟ್ರನ್ ಜೊತೆಗಿನ ಹನ್ನೊಂದು ವರ್ಷದ ಸಮರದಲ್ಲಿ ವಿನ್ನಿ ಮೂರು ಸಲ ಬೇಲಿ ಹಾರಿದಳು, ಮೂರು ಸಲವೂ ಸೆರೆಸಿಕ್ಕಳು. ಮಿಸ್ ಹಾಪ್‌ಕರ್ಕ್ ಅವರ ಒಳಲಂಗಗಳಿಗೆ ಗಂಜಿ ಹಾಕುವ ಕೆಲಸ ಸಿಕ್ಕಾಗ ಅವು ಹಲಗೆಯಂತೆ ನೆಟ್ಟಗೆ ನಿಲ್ಲುವಷ್ಟು ಹಾಕಿ, ಇಡೀ ಭಾನುವಾರದ ಪ್ರಾರ್ಥನೆಯಲ್ಲಿ ಮೇಟ್ರನ್ ಕೂರಲಾರದೆ ನಿಂತೇ ಇರುವಂತೆ ಮಾಡಿದ್ದು ಅವಳ ಮಹಾವಿಜಯ. ಮನೆಮಾತು ಆಡಿದವರ ಬಾಯಿಗೆ ಸಾಬೂನು ತುರುಕುತ್ತಿದ್ದರು. ಅರಿವೆ ಸಾಬೂನು ಯಾವುದು, ಮೈ ಸಾಬೂನು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲ ಪಾಂಡಿತ್ಯ ಅವಳಿಗೆ ಬಂತು. ಮನೆಮಾತು ಹೋಯಿತು.

ಒಂದೇ ಒಂದು ಮಾತು ಉಳಿಯಿತು. ಲಾರಿ ಬಂದ ದಿನ ಅಮ್ಮ ಅವಳತ್ತ ನೋಡಿ ಕೂಗಿದ್ದು: ‘ವಲಿಬಾ!’ ಅದೇ ತನ್ನ ನಿಜವಾದ ಹೆಸರೆಂದು ವಿನ್ನಿ ಅದನ್ನು ಕಾಪಾಡಿದಳು. ಬಟ್ಟೆ ಕುದಿಸುವ ಹಂಡೆಯ ಹಬೆಗೆ ಮುಖ ಒಡ್ಡಿ, ಯಾರಿಗೂ ಕೇಳದಂತೆ, ದಿನಕ್ಕೊಂದು ಸಲ ಹೇಳಿಕೊಳ್ಳುತ್ತಿದ್ದಳು. ದೊಡ್ಡವಳಾಗಿ, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದು, ಮದುವೆಯಾಗಿ, ಮಗಳು ಹುಟ್ಟಿದಾಗ ಅವಳಿಗೂ ಅದನ್ನೇ ಇಟ್ಟಳು. ಮುಂದೆ ನಾಯಿಗೂ ಇಟ್ಟಳು. ನಾಯಿ ಮಾತ್ರ ಆ ಹೆಸರು ಕರೆದರೆ ಬರುತ್ತಿರಲಿಲ್ಲ.

ತನ್ನ ಅರವತ್ತೆಂಟನೆಯ ಆಗಸ್ಟಿನಲ್ಲಿ ವಿನ್ನಿ ನಿರ್ಧರಿಸಿದಳು: ಗುರುವಾರವಾಗಿ ಸಾಯಬಾರದು. ಹೆಸರು ಬದಲಾವಣೆಯ ಅರ್ಜಿ ತಂದಳು. ಅದರಲ್ಲಿ ಒಂದೇ ಸಮಸ್ಯೆ, ಕಾಗುಣಿತ. ಅಷ್ಟರಲ್ಲಿ ಹಳೆಯ ಕಡತಗಳನ್ನು ಹುಡುಕಿಕೊಡುವವರು ಅವಳ ತಾಯಿಯ ತಂಗಿ ಫ್ಲಾರಿ ಇನ್ನೂ ಬದುಕಿದ್ದಾಳೆಂದು ಪತ್ತೆ ಹಚ್ಚಿದ್ದರು. ಮಗಳು ವಲಿಬಾ ಕಾರು ಓಡಿಸಿದಳು. ಆರು ಗಂಟೆ ಹಿಡಿದ ಕೆಂಪು ಮಣ್ಣಿನ ದಾರಿಯ ಕೊನೆಗೆ, ನದಿ ದಂಡೆಯ ತಗಡಿನ ಮನೆ ಮುಂದೆ, ಎಂಬತ್ತರ ಮುದುಕಿ ಬೆಂಕಿಯ ಕೆಂಡದಲ್ಲಿ ಕಾಂಗರೂ ಬಾಲ ಹೂತು ಕೂತಿದ್ದಳು.

ಮುದುಕಿ ವಿನ್ನಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ಅತ್ತಳು. ಆಮೇಲೆ ಅಂದಳು, “ಏನೇ ಇದು, ನಿನ್ನಮ್ಮನ ಮೂಗನ್ನ ಹಾಗೇ ಎತ್ಕೊಂಡು ಹೋಗಿದೀಯ! ಕಳ್ಳಿ.”

ಚಹಾ ಆಯಿತು. ವಿನ್ನಿ ಕನ್ನಡಕ ಏರಿಸಿ ಅರ್ಜಿ ಬಿಡಿಸಿದಳು. “ಚಿಕ್ಕಮ್ಮಾ, ಒಂದೇ ಒಂದು ವಿಷಯ ಕೇಳ್ಬೇಕಿತ್ತು. ವಲಿಬಾ ಅಂತ ಬರೆಯೋಕೆ ‘ಎಲ್’ ಅಕ್ಷರ ಒಂದೋ, ಎರಡೋ?”

“ಏನಂತ ಬರೀತೀಯಾ?”

“ನನ್ನ ಹೆಸರು. ವಲಿಬಾ. ಇವಳದೂ ಅದೇ.”

ಫ್ಲಾರಿ ಮಗಳನ್ನು ನೋಡಿದಳು, ತಾಯಿಯನ್ನು ನೋಡಿದಳು. ಭುಜ ಕುಲುಕತೊಡಗಿತು. ಒತ್ತಿಕೊಳ್ಳಲು ಸೆರಗಿಲ್ಲದ್ದರಿಂದ ಬಾಯಿಗೆ ಟೋಪಿ ಒತ್ತಿಕೊಂಡಳು. “ಅದು ಹೆಸರಲ್ಲ ಕಣೇ! ‘ಅಡಗಿಕೋ’ ಅಂತ! ಲಾರಿ ಬಂದಾಗೆಲ್ಲ ಮಕ್ಕಳಿಗೆ ಹಾಗೆ ಕೂಗ್ತಿದ್ವಿ.”

“ಅಂದ್ರೆ,” ಎಂದಳು ಮಗಳು, “ನಲವತ್ತು ವರ್ಷದಿಂದ ನೀನು ಅಂಗಡಿ ಬೀದೀಲಿ ನಿಂತು ‘ಅಡಗಿಕೋ, ಅಡಗಿಕೋ’ ಅಂತ ಕೂಗ್ತಿದ್ದೀಯಾ ಅಮ್ಮಾ? ಅದಕ್ಕೇ ನನ್ನನ್ನ ಯಾವ ಗಂಡೂ ಹುಡುಕ್ಕೊಂಡು ಬರ್ಲಿಲ್ಲ.”

“ಆ ನಾಯಿ!” ಎಂದಳು ವಿನ್ನಿ. “ಅದಕ್ಕೊಂದಕ್ಕೇ ಅರ್ಥ ಆಗಿತ್ತು.”

ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ವಿನ್ನಿ ಅರ್ಜಿಯ ಮೂಲೆಯನ್ನು ಮಡಚುತ್ತ, ಬಿಡಿಸುತ್ತ ಕೂತಳು. ಆಮೇಲೆ ಕೇಳಿದಳು, “ಹಾಗಾದ್ರೆ ನಾನು... ಅಮ್ಮ ಹೇಳಿದ್ದು ಕೇಳ್ಲಿಲ್ವಾ ಚಿಕ್ಕಮ್ಮಾ? ಅಡಗ್ಲಿಲ್ವಾ?”

ಫ್ಲಾರಿಯ ನಗು ನಿಂತಿತು. “ಅಡಗಿದ್ದೆ ಮಗಾ. ಹಿಟ್ಟಿನ ಡ್ರಮ್ಮಿನೊಳಗೆ ಎಷ್ಟು ಚೆನ್ನಾಗಿ ಅಡಗಿದ್ದೆ ಅಂದ್ರೆ, ಒಂದು ಸೀನೂ ಸೀನ್ಲಿಲ್ಲ. ಲಾರೀಲಿ ಬಂದ ಆ ಬಿಳಿಯರೇ ಮುಚ್ಚಳ ತೆಗೆದ್ರು. ನಿನ್ನ ಮೈಯೆಲ್ಲ ಬಿಳೀ ಹಿಟ್ಟು. ಲಾರೀಲಿ ಹೋಗೋವಾಗ ಅವರಿಗಿಂತ ಬೆಳ್ಳಗಿದ್ದೆ.”

“ಹೆಸರು ಹಿಡಿದು ಕರೀಬಹುದಿತ್ತಲ್ಲ ಅಮ್ಮ.”

“ಹೇಗೆ ಕರೀತಾಳೆ? ನಿನಗೆ ಅಜ್ಜಿ ಹೆಸರಿಟ್ಟಿದ್ರು. ಆ ಚಳಿಗಾಲ ಅಜ್ಜಿ ಹೋಗ್ಬಿಟ್ಳು. ಸತ್ತವರ ಹೆಸರು ನಮ್ಮಲ್ಲಿ ಬಾಯಿಗೆ ತರೋ ಹಾಗಿಲ್ವಲ್ಲ. ನಿನ್ನ ಹೆಸರನ್ನೂ ಅವಳ ಜೊತೆ ಎತ್ತಿಟ್ವಿ. ಒಂದೆರಡು ವರ್ಷ ಕಳೆದ ಮೇಲೆ ವಾಪಸು ಕೊಡೋಣ ಅಂತಿದ್ವಿ. ಅಷ್ಟರಲ್ಲಿ ನೀನೇ ಇಲ್ಲ. ಕೊಡೋದು ಯಾರಿಗೆ?”

“ಈಗ?”

“ಈಗೇನು, ಅಜ್ಜಿಗೂ ಬೇಜಾರಾಗಿರುತ್ತೆ ಇಟ್ಕೊಂಡು ಇಟ್ಕೊಂಡು.” ಮುದುಕಿ ಬಗ್ಗಿ ವಿನ್ನಿಯ ಕಿವಿಯಲ್ಲಿ ಹೇಳಿದಳು. ಮೂರಕ್ಷರದ ಹೆಸರು.

ವಿನ್ನಿ ಅದನ್ನು ಅರ್ಜಿಯಲ್ಲಿ ಬರೆದಳು, ಕಾಗುಣಿತ ಯಾರನ್ನೂ ಕೇಳದೆ. ಮನೆತನದ ಹೆಸರಿನ ಜಾಗದಲ್ಲಿ ಥರ್ಸ್‌ಡೇ ಹೊಡೆದುಹಾಕಿ ವಲಿಬಾ ಎಂದು ಬರೆದಳು, ಒಂದೇ ಎಲ್. “ಇರ್ಲಿ,” ಎಂದಳು, “ನಮ್ಮ ಮನೆತನ ಮಾಡಿದ್ದೇ ಆ ಕೆಲಸ.” ಆಮೇಲೆ ನದಿಯ ಕಡೆ ನಡೆದು, ನೀರು ನೋಡುತ್ತ ನಿಂತಳು.

ಬಾಲ ಬೆಂದಿತ್ತು. ಫ್ಲಾರಿ ಬೂದಿ ಕೊಡವಿ, ಊಟಕ್ಕೆ ಬಾ ಎಂದು ಆ ಮೂರಕ್ಷರವನ್ನು ಗಟ್ಟಿಯಾಗಿ ಕೂಗಿದಳು. ನದಿ ದಂಡೆಯ ಹೆಂಗಸು ಅಲುಗಲಿಲ್ಲ. ಮತ್ತೊಮ್ಮೆ ಕೂಗಿದಳು. ಯಾರನ್ನೋ ಕರೆಯುತ್ತಿದ್ದಾರೆಂದು ವಿನ್ನಿ ಆಚೀಚೆ ನೋಡಿದಳು.

“ಅಮ್ಮಾ,” ಎಂದಳು ಮಗಳು, “ನಿನ್ನನ್ನೇ ಕಣೇ.”

ಮೂರನೆಯ ಸಲ ಕೂಗು ಬಂದಾಗ ವಿನ್ನಿ ಬೆನ್ನು ನೆಟ್ಟಗೆ ಮಾಡಿ, ನದಿಯಾಚೆಯ ಹಕ್ಕಿಗಳೆಲ್ಲ ಹಾರುವ ಹಾಗೆ ಓಗೊಟ್ಟಳು:

“ಓ...”